ಮೂರನೇ ಮಹಡಿಯ ಕೂಗು

ಇಂಥದ್ದನ್ನು ಬೇರೆ ಯಾರಾದರೂ ಬರೆದಿದ್ದರೆ ನಾನು ಅರ್ಧಕ್ಕೇ ಪುಟ ಮಗುಚಿಬಿಡುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಪ್ಪತ್ತೈದು ವರ್ಷಗಳಿಂದ ಏಸಿ, ಗೀಸರ್, ಫ್ರಿಜ್ಜುಗಳ ರಿಪೇರಿ ಮಾಡಿಕೊಂಡು ಬಂದವನು ನಾನು. ತಿಲಕ್ ನಗರದಲ್ಲಿ ಒಂದು ಚಿಕ್ಕ ಅಂಗಡಿ ಇದೆ. ನಮ್ಮ ಕೆಲಸದಲ್ಲಿ ಕಾರಣವಿಲ್ಲದೆ ಏನೂ ಕೆಡುವುದಿಲ್ಲ. ಕಾರಣ ಸಿಗದಿದ್ದರೆ ಸರಿಯಾಗಿ ಹುಡುಕಿಲ್ಲ ಎಂದರ್ಥ, ಅಷ್ಟೆ. ಒಮ್ಮೆ ಕತ್ರಿಗುಪ್ಪೆಯ ಒಬ್ಬ ಆಂಟಿ, ಮನೆಯಲ್ಲಿ ಫ್ರಿಜ್ಜು, ಟಿವಿ, ಮಿಕ್ಸಿ ಒಂದರ ಹಿಂದೆ ಒಂದು ಸುಟ್ಟುಹೋಗುತ್ತಿವೆ, ಯಾರೋ ಮಾಟ ಮಾಡಿಸಿದ್ದಾರೆ ಎಂದು ಅತ್ತಿದ್ದರು. ಮೀಟರ್ ಬೋರ್ಡಿನಲ್ಲಿ ಸಡಿಲವಾಗಿದ್ದ ನ್ಯೂಟ್ರಲ್ ತಂತಿಯನ್ನು ತೋರಿಸಿ, ಸ್ಕ್ರೂ ಬಿಗಿ ಮಾಡಿ, ದಾರಿಯುದ್ದಕ್ಕೂ ಒಬ್ಬನೇ ನಗುತ್ತಾ ಬಂದಿದ್ದೆ. ಈಗ ಅದನ್ನು ನೆನೆದರೆ ನಗಬಾರದಿತ್ತು ಅನ್ನಿಸುತ್ತದೆ. ಮಾಟ ನಿಜವೆಂದಲ್ಲ. ಹೆದರಿದವರನ್ನು ಕಂಡು ನಗಬಾರದು.

ಕೆಲವು ವರ್ಷಗಳ ಹಿಂದಿನ ಮಾತು. ಏಪ್ರಿಲ್ ತಿಂಗಳು. ಬೆಂಗಳೂರಿನವರು ಫ್ಯಾನು ಹಾಕಿದರೂ ಚಳಿಯೆಂದು ಗೊಣಗುತ್ತಿದ್ದ ಕಾಲ ನನಗೆ ನೆನಪಿದೆ. ಆ ವರ್ಷ ಮಾತ್ರ ನನ್ನ ಫೋನು ಬೆಳಿಗ್ಗೆ ಏಳಕ್ಕೆ ಶುರುವಾದರೆ ರಾತ್ರಿಯವರೆಗೂ ನಿಲ್ಲುತ್ತಿರಲಿಲ್ಲ. ಒಂದು ದಿನ ಮಧ್ಯಾಹ್ನ ಊಟಕ್ಕೆ ಕೂರುವ ಹೊತ್ತಿಗೆ ಗುರುತಿಲ್ಲದ ನಂಬರಿನಿಂದ ಕರೆ ಬಂತು. ವಯಸ್ಸಾದ ಹೆಂಗಸಿನ ದನಿ.

"ಏನಪ್ಪಾ, ನಾನು ಜೆ.ಪಿ. ನಗರ ಎಂಟನೇ ಹಂತದಿಂದ ಮಾತಾಡ್ತಿರೋದು, ವಿಶಾಲಾಕ್ಷಿ ಅಂತ. ನಮ್ಮನೆ ಏಸಿ ನಿಂತ್ಹೋಗಿದೆ. ನಮ್ಮವರಿಗೆ ಸ್ಟ್ರೋಕ್ ಆಗಿ ಮಲಗಿದಾರೆ, ಬೆನ್ನೆಲ್ಲ ಹುಣ್ಣು. ರೂಮು ತಣ್ಣಗಿರ್ಲೇಬೇಕು ಅಂದಿದಾರೆ ಡಾಕ್ಟ್ರು. ಈಗ ಮೈ ಬೇರೆ ಸುಡ್ತಿದೆ. ಇನ್ನಿಬ್ರಿಗೆ ಫೋನ್ ಮಾಡ್ದೆ, ನಾಳೆ ಬರ್ತೀವಿ ಅಂತಾರೆ."

ನಾನೂ ನಾಳೆ ಎನ್ನುವವನೇ ಇದ್ದೆ. ಆದರೆ ಆಕೆ ಬೇಡಿಕೊಳ್ಳಲಿಲ್ಲ. ಇಷ್ಟು ಹೇಳಿ ನನ್ನ ಉತ್ತರಕ್ಕೆ ಕಾದರು. ಆ ಕಾಯುವಿಕೆ ತಡೆಯಲಾಗಲಿಲ್ಲ. "ಅರ್ಧ ಗಂಟೆಲಿ ಬರ್ತೀನಮ್ಮಾ" ಎಂದುಬಿಟ್ಟೆ.

ನನ್ನ ಜೊತೆಗಾರ ಇಮ್ತಿಯಾಜ್ ಆಗ ಬಿಟಿಎಂ ಲೇಔಟಿನಲ್ಲಿ ಬೇರೊಂದು ಕೆಲಸದಲ್ಲಿದ್ದ. ನಮ್ಮ ಹಗ್ಗ, ಸೊಂಟಕ್ಕೆ ಕಟ್ಟಿಕೊಳ್ಳುವ ಬೆಲ್ಟು ಎಲ್ಲ ಅವನ ಚೀಲದಲ್ಲಿತ್ತು. ತರಿಸಿಕೊಳ್ಳಬೇಕಿತ್ತು. ತರಿಸಿಕೊಳ್ಳಲಿಲ್ಲ. ಅದು ನನ್ನ ತಪ್ಪು, ಇದರಲ್ಲಿ ವಿಚಿತ್ರವೇನೂ ಇಲ್ಲ.

ಅವರದು ಹೊಸ ಬಡಾವಣೆಯ ಅಪಾರ್ಟ್‌ಮೆಂಟು. ಸುತ್ತ ಇನ್ನೂ ನಾಲ್ಕು ಕಟ್ಟಡಗಳು ಏಳುತ್ತಿದ್ದವು. ಮೂರನೇ ಮಹಡಿಯಲ್ಲಿ ಮನೆ. ಬಾಗಿಲು ತೆಗೆದ ವಿಶಾಲಾಕ್ಷಮ್ಮ ಹತ್ತಿಯ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಕೈಯಲ್ಲಿ ಒದ್ದೆ ಬಟ್ಟೆ. ಗಂಡನನ್ನು ಒರೆಸುತ್ತಿದ್ದರು ಎಂದು ಕಾಣುತ್ತದೆ. ಮಗಳು ಸಂಜೆ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬರುತ್ತಾಳೆ, ಅಲ್ಲಿಯವರೆಗೆ ತಾನೊಬ್ಬಳೇ ಎಂದರು. ಒಳಗೆ ಮಂಚದ ಮೇಲೆ ಎತ್ತರದ ಆಳು ಮಲಗಿದ್ದರು. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರಂತೆ. "ಪ್ಲಾಟ್‌ಫಾರಮ್ಮಿನ ಈ ತುದಿಯಿಂದ ಕೂಗಿದ್ರೆ ಆ ತುದಿಗೆ ಕೇಳ್ತಿತ್ತು ಇವರ ಗಂಟಲು. ಮೂರು ತಿಂಗಳಾಯ್ತು, ಒಂದಕ್ಷರ ಇಲ್ಲ" ಎಂದರು ಆಕೆ. ಮಲಗಿದ್ದವರ ಕಣ್ಣುಗಳು ಮಾತ್ರ ನನ್ನ ಜೊತೆಯೇ ಬಾಗಿಲಿನಿಂದ ಏಸಿಯವರೆಗೆ ಬಂದವು. ನಾನು ಕೈ ಮುಗಿದೆ.

ಒಳಗಿನ ಭಾಗ ಗಾಳಿ ಊದುತ್ತಿತ್ತು, ತಂಪಿರಲಿಲ್ಲ. ತೊಂದರೆ ಹೊರಗಿನ ಯೂನಿಟ್ಟಿನಲ್ಲಿ. ಅದನ್ನು ಮಲಗುವ ಕೋಣೆಯ ಕಿಟಕಿಯ ಪಕ್ಕದ ಹೊರಗೋಡೆಗೆ ಕಬ್ಬಿಣದ ಸ್ಟ್ಯಾಂಡ್ ಹಾಕಿ ಕೂರಿಸಿದ್ದರು. ಅಲ್ಲಿಗೆ ಹೋಗಬೇಕೆಂದರೆ ಹಾಲಿನ ಬಾಲ್ಕನಿಯ ಕಂಬಿ ದಾಟಿ, ಕೆಳಗಿನ ಮನೆಯ ಕಿಟಕಿಯ ಸಜ್ಜಾದ ಮೇಲೆ ನಿಲ್ಲಬೇಕು. ಮಳೆ ಒಳಗೆ ಬರದಂತೆ ಕಿಟಕಿಯ ಮೇಲೆ ಚಾಚಿರುತ್ತದಲ್ಲ, ಆ ಕಾಂಕ್ರೀಟಿನ ಹಲಗೆ. ನಾನು ಜೀವನದಲ್ಲಿ ನೂರಾರು ಸಜ್ಜಾಗಳ ಮೇಲೆ ನಿಂತಿದ್ದೇನೆ. ಒಂದು ಕಾಲಿಟ್ಟು ಒತ್ತಿ ನೋಡಿದೆ. ಗಟ್ಟಿಯಾಗಿತ್ತು. ದಾಟಿದೆ.

ಮುಚ್ಚಳ ಬಿಚ್ಚಿದೆ. ಮೋಟರನ್ನು ಚಾಲೂ ಮಾಡುವ ಕೆಪಾಸಿಟರ್ ಊದಿಕೊಂಡಿತ್ತು. ಸೆಕೆಗಾಲದಲ್ಲಿ ಇದು ಮಾಮೂಲು. ಹತ್ತು ನಿಮಿಷದ ಕೆಲಸ. ಹೊಸದು ಜೇಬಿನಲ್ಲೇ ಇತ್ತು. ಎಡಗೈಯಲ್ಲಿ ಸ್ಟ್ಯಾಂಡ್ ಹಿಡಿದುಕೊಂಡು ಹಳೆಯದರ ತಂತಿ ಬಿಡಿಸುತ್ತಿದ್ದೆ. ಅಷ್ಟರಲ್ಲಿ ಕೂಗು ಕೇಳಿಸಿತು.

"ಕೆಂಚಾ, ಬಾರ್ಲಾ ಇತ್ಲಾಗೆ."

ನಾನು ಹುಟ್ಟಿದಾಗ ತಲೆಗೂದಲು ಕೆಂಚಗಿತ್ತಂತೆ. ಅದಕ್ಕೆ ಅಪ್ಪ ಹಾಗೆ ಕರೆಯುತ್ತಿದ್ದರು. ಅಪ್ಪ ಒಬ್ಬರೇ. ಅಮ್ಮನಿಗೂ ಹೆಂಡತಿಗೂ ಆ ಹೆಸರು ಗೊತ್ತಿತ್ತು, ಆದರೆ ಬಾಯಲ್ಲಿ ಬರುತ್ತಿರಲಿಲ್ಲ. ಬೆಂಗಳೂರಿನ ಪಕ್ಕದ ಹಳ್ಳಿಯಲ್ಲಿ ರಾಗಿ ಬೆಳೆದುಕೊಂಡಿದ್ದ ಅಪ್ಪ, ಹೊಲವೆಲ್ಲ ಸೈಟುಗಳಾದ ಮೇಲೂ ಆ ಮಾತಿನ ಧಾಟಿಯನ್ನು ಬಿಟ್ಟಿರಲಿಲ್ಲ. ಅವರು ತೀರಿಕೊಂಡು ಆಗಲೇ ಹತ್ತು ವರ್ಷ ದಾಟಿತ್ತು.

ದನಿ ಎಲ್ಲೋ ದೂರದಿಂದ ಬಂದಂತೆ ಇರಲಿಲ್ಲ. ಕಿಟಕಿಯ ಒಳಗಿನಿಂದ, ಎರಡು ಮಾರು ದೂರದಲ್ಲಿ ಕೂತವರು ಕರೆದ ಹಾಗಿತ್ತು. ಸಿಟ್ಟಿರಲಿಲ್ಲ, ಅವಸರವೂ ಇರಲಿಲ್ಲ. ಊಟಕ್ಕೆ ಕರೆಯುವಾಗ ಇರುವಂಥ ದನಿ. ನಾನು ಹೆದರಲಿಲ್ಲ. ಆಶ್ಚರ್ಯವನ್ನೂ ಪಡಲಿಲ್ಲ. ಅದೇ ನನಗೆ ಇಂದಿಗೂ ವಿಚಿತ್ರವಾಗಿ ಕಾಣುವುದು. ಅಪ್ಪ ಕರೆದರೆ ಹೋಗುತ್ತಿದ್ದ ಹಾಗೆಯೇ, ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡು ಕಂಬಿ ದಾಟಿ ಬಾಲ್ಕನಿಗೆ ಬಂದೆ. "ಬಂದೆ" ಎಂದು ಬಾಯಿ ಬಿಟ್ಟು ಹೇಳಿದ್ದೂ ನೆನಪಿದೆ.

ಎರಡನೇ ಕಾಲು ಬಾಲ್ಕನಿಯ ನೆಲಕ್ಕೆ ತಾಗಿದಾಗ ಹಿಂದೆ ಒಣ ಸೌದೆ ಮುರಿದಂಥ ಶಬ್ದ. ಆಮೇಲೆ ಕೆಳಗೆ ದೊಡ್ಡ ಸದ್ದು. ತಿರುಗಿ ನೋಡಿದರೆ ಸಜ್ಜಾ ಇರಲಿಲ್ಲ. ಗೋಡೆಯಿಂದ ತುಕ್ಕು ಹಿಡಿದ ಎರಡು ಸರಳುಗಳು ಚಾಚಿಕೊಂಡಿದ್ದವು. ಏಸಿಯ ಯೂನಿಟ್ಟು ತನ್ನ ಸ್ಟ್ಯಾಂಡಿನ ಮೇಲೆ ಹಾಗೆಯೇ ಕೂತಿತ್ತು. ಕೆಳಗೆ ಧೂಳು. ದೇವರ ದಯೆ, ಕೆಳಗೆ ಯಾರೂ ಇರಲಿಲ್ಲ. ನಿಲ್ಲಿಸಿದ್ದ ಒಂದು ಸ್ಕೂಟರಿನ ಸೀಟು ಜಜ್ಜಿಹೋಗಿತ್ತು, ಅಷ್ಟೆ.

ಗೋಡೆ ಹಿಡಿದುಕೊಂಡು ಒಳಗೆ ಬಂದೆ. ಇಷ್ಟು ದೊಡ್ಡ ಸದ್ದಿಗೆ ಆಕೆ ಓಡಿ ಬರಬೇಕಿತ್ತಲ್ಲ, ಬಂದಿರಲಿಲ್ಲ. ಅಡಿಗೆಮನೆಯಲ್ಲಿ ಹಾಲು ಉಕ್ಕಿ ಒಲೆಯ ಮೇಲೆ ಹರಿಯುತ್ತಿತ್ತು. ಒಲೆ ಆರಿಸಿ ಕೋಣೆಯ ಬಾಗಿಲಿಗೆ ಹೋದೆ. ವಿಶಾಲಾಕ್ಷಮ್ಮ ಮಂಚದ ಪಕ್ಕ ನೆಲಕ್ಕೆ ಮೊಣಕಾಲೂರಿ, ಗಂಡನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. "ಇನ್ನೊಂದ್ಸಲ ಕರೀರಿ. ಒಂದೇ ಸಲ. ಅಂದ್ರಲ್ಲ ಈಗ? ನಂಗೆ ಕೇಳಿಸ್ತು ಅಂದ್ರೆ. ಇನ್ನೊಂದ್ಸಲ ಅನ್ರಿ" ಎಂದು ಅಳುತ್ತಿದ್ದರು, ನಗುತ್ತಲೂ ಇದ್ದರು. ಅವರು ಮೊದಲಿನ ಹಾಗೆಯೇ ಮಲಗಿದ್ದರು. ತುಟಿ ಅಲುಗಲಿಲ್ಲ. ಕಣ್ಣು ಮಾತ್ರ ಕಿಟಕಿಯ ಕಡೆ ಇತ್ತು. ಕಿಟಕಿಯ ಗಾಜು ಮುಚ್ಚಿತ್ತು, ಪರದೆ ಎಳೆದಿತ್ತು.

ಆಮೇಲೆ ನಡೆದದ್ದು ಕೆಲಸದ ಮಾತು. ಇಮ್ತಿಯಾಜ್‌ಗೆ ಫೋನ್ ಮಾಡಿದೆ. ಅವನು ಬಂದು ಮುರಿದ ಜಾಗ ನೋಡಿ, ನನ್ನ ಮುಖ ನೋಡಿ, ಎರಡೂ ಕೈಯಿಂದ ನನ್ನ ಭುಜ ಹಿಡಿದುಕೊಂಡ. "ಏನ್ ಗುರು ನೀನು, ಬೆಲ್ಟ್ ಇಲ್ದೆ ಇಳಿದಿದೀಯಾ? ಮನೇಲಿ ಹೆಂಡ್ತಿ ಮಕ್ಕಳಿದಾರೆ ಅನ್ನೋದ್ ಮರೆತ್ಯಾ?" ಎಂದು ಬೈದ. ಆ ದಿನ ನನ್ನನ್ನು ಹೊರಗೆ ಬಿಡಲಿಲ್ಲ. ತಾರಸಿಯಿಂದ ಹಗ್ಗ ಬಿಟ್ಟುಕೊಂಡು, ಬೆಲ್ಟು ಕಟ್ಟಿಕೊಂಡು ತಾನೇ ಇಳಿದು ಮುಗಿಸಿದ. ನಾಲ್ಕೂವರೆಗೆ ತಂಪು ಗಾಳಿ ಬಂತು. ಸಂಜೆಯ ಹೊತ್ತಿಗೆ ತಂದೆಯ ಮೈಕಾವು ಇಳಿಯಿತು ಎಂದು ಮಗಳು ಆಮೇಲೆ ಫೋನ್ ಮಾಡಿ ಹೇಳಿದಳು.

ನಾವು ಹೊರಡುವಾಗ ವಿಶಾಲಾಕ್ಷಮ್ಮ ನನ್ನನ್ನು ಬಾಗಿಲ ಬಳಿ ನಿಲ್ಲಿಸಿದರು. ಮುಖದಲ್ಲಿ ಆಸೆ ತುಂಬಿತ್ತು.

"ನಿಮಗೂ ಕೇಳಿಸ್ತು ಅಲ್ವೇನಪ್ಪಾ? ಅದಕ್ಕೇ ತಾನೆ ನೀವು ಒಳಗೆ ಬಂದಿದ್ದು?"

"ಕೇಳಿಸ್ತಮ್ಮಾ" ಎಂದೆ.

"'ವಿಶಾಲೂ, ಸ್ವಲ್ಪ ಬಾ' ಅಂದ್ರು. ಅವರೊಬ್ರೇ ಹಾಗೆ ಕರೆಯೋದು ನನ್ನ. ಗಂಟಲು ಚೂರೂ ಬದಲಾಗಿಲ್ಲ. ನಾನೊಬ್ಳೇ ಕೇಳಿದ್ರೆ ಭ್ರಮೆ ಅಂತಾಳೆ ನನ್ನ ಮಗಳು. ನೀವೂ ಕೇಳಿದೀರಲ್ಲ."

ನನಗೆ ಕೇಳಿಸಿದ್ದು ಬೇರೆ ಹೆಸರು, ಬೇರೆಯವರ ದನಿ ಎಂದು ಹೇಳಿದ್ದರೆ ಆಕೆಯ ಕೈಯಲ್ಲಿದ್ದದ್ದನ್ನು ಕಿತ್ತುಕೊಂಡ ಹಾಗಾಗುತ್ತಿತ್ತು. "ಒಂದು ಕೂಗಂತೂ ಕೇಳಿಸ್ತಮ್ಮಾ, ಅದು ಸತ್ಯ" ಎಂದಷ್ಟೇ ಹೇಳಿ ಬಂದೆ. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಕಾರಣ ಹುಡುಕುವ ಅಭ್ಯಾಸ ಬಿಡುವುದಿಲ್ಲ. ತುಂಬ ಹುಡುಕಿದ್ದೇನೆ. ಸಜ್ಜಾ ಬಿರುಕು ಬಿಡುತ್ತಿರುವುದು ನನ್ನ ಅಂಗಾಲಿಗೆ ಗೊತ್ತಾಗಿರಬಹುದು, ಆ ಹೆದರಿಕೆಯೇ ಕಿವಿಯಲ್ಲಿ ಅಪ್ಪನ ದನಿಯಾಗಿ ಕೇಳಿಸಿರಬಹುದು. ಬಿಸಿಲಿಗೆ ತಲೆ ತಿರುಗಿರಬಹುದು. ವಿಶಾಲಾಕ್ಷಮ್ಮನಿಗೆ ಕೇಳಿಸಿದ್ದಕ್ಕೂ ಕಾರಣವಿದೆ. ಸ್ಟ್ರೋಕ್ ಆದವರು ತಿಂಗಳುಗಟ್ಟಲೆ ಸುಮ್ಮನಿದ್ದು ಇದ್ದಕ್ಕಿದ್ದಂತೆ ಒಂದು ಮಾತಾಡುವುದುಂಟು ಎಂದು ಆಕೆಯ ಗಂಡನಿಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದವರು ಹೇಳಿದರು. ಒಂದೊಂದನ್ನೂ ಬೇರೆ ಬೇರೆಯಾಗಿ ಇಟ್ಟರೆ ನಾನು ಒಪ್ಪುತ್ತೇನೆ. ಎರಡೂ ಒಂದೇ ಗಳಿಗೆಯಲ್ಲಿ ಹೇಗೆ ಆಯಿತು? ಅಲ್ಲಿಗೆ ಬಂದು ನಿಲ್ಲುತ್ತೇನೆ. ಆ ಜಾಗ ನಮ್ಮ ಹಳೆಯ ಹೊಲವಿರಬೇಕು ಎಂದು ನಮ್ಮ ಚಿಕ್ಕಪ್ಪ ಕಥೆ ಕಟ್ಟಲು ನೋಡಿದರು. ಅಲ್ಲ. ನಮ್ಮ ಹೊಲ ಇದ್ದದ್ದು ಬೇರೆ ದಿಕ್ಕಿನಲ್ಲಿ.

ವಿಶಾಲಾಕ್ಷಮ್ಮನ ಗಂಡ ಇನ್ನೂ ಎರಡು ಬೇಸಿಗೆ ಬದುಕಿದ್ದರು. ಮತ್ತೆ ಮಾತಾಡಲಿಲ್ಲ. ಆ ಎರಡು ವರ್ಷವೂ ಅವರ ಮನೆಯ ಏಸಿಯನ್ನು ಸೆಕೆ ಶುರುವಾಗುವ ಮೊದಲೇ ನಾನೇ ಹೋಗಿ ಸರ್ವಿಸ್ ಮಾಡಿ ಬರುತ್ತಿದ್ದೆ. ಪ್ರತಿ ಸಲವೂ ಮಂಚದ ಬಳಿ ನಿಂತು ಕೈ ಮುಗಿಯುತ್ತಿದ್ದೆ. ಒಮ್ಮೆ ಆಕೆ ಅಡಿಗೆಮನೆಯಲ್ಲಿದ್ದಾಗ ಅವರ ಕೈ ಹಿಡಿದು, "ಸಾರ್, ಅವತ್ತು ಕರೆದಿದ್ದು ನೀವೇನಾ?" ಎಂದು ಕೇಳಿದೆ. ಅವರು ಬಹಳ ಹೊತ್ತು ನನ್ನನ್ನೇ ನೋಡಿದರು. ಕೈ ಬೆಚ್ಚಗಿತ್ತು. ಹೌದು ಎಂದೋ ಅಲ್ಲ ಎಂದೋ ಅದರಿಂದ ತಿಳಿಯಲಿಲ್ಲ. ನಾನು "ತುಂಬ ಉಪಕಾರ ಆಯ್ತು ಸಾರ್" ಎಂದೆ. ಯಾರಿಗೆ ಸಲ್ಲಬೇಕೋ ಅವರಿಗೆ ಸಲ್ಲಲಿ ಎಂದುಕೊಂಡೆ.

ಅವರು ಹೋದ ಮೇಲೆ, ವರ್ಷಾಂತಿಕವೂ ಮುಗಿದ ಮೇಲೆ, ಒಂದು ಬೆಳಿಗ್ಗೆ ಗೀಸರ್ ನೋಡಲು ಹೋಗಿದ್ದೆ. ಇನ್ನು ಮುಚ್ಚಿಡುವುದು ಸರಿಯಲ್ಲ ಅನ್ನಿಸಿತು. ಕೆಲಸ ಮುಗಿಸಿ ವಿಶಾಲಾಕ್ಷಮ್ಮನಿಗೆ ಎಲ್ಲ ಹೇಳಿದೆ. ಕೆಂಚ ಎಂಬ ಹೆಸರು, ಅಪ್ಪನ ದನಿ, "ಬಂದೆ" ಎಂದು ನಾನು ಓಗೊಟ್ಟದ್ದು. ಹೇಳುವಾಗ ತಲೆ ಎತ್ತಲಾಗಲಿಲ್ಲ. ಇಷ್ಟು ವರ್ಷ ಆಕೆ ನನ್ನನ್ನು ಸಾಕ್ಷಿ ಎಂದು ನಂಬಿದ್ದರು.

ಆಕೆ ಅಳಲಿಲ್ಲ, ಬೇಸರವನ್ನೂ ತೋರಿಸಲಿಲ್ಲ. "ನಿಮ್ಮ ತಂದೆಯವರ ಹೆಸರೇನಪ್ಪಾ?" ಎಂದರು. ಹೇಳಿದೆ. "ಬೆಳಿಗ್ಗೆ ದೀಪ ಹಚ್ಚುವಾಗ ಅವರನ್ನೂ ಒಂದ್ಸಲ ನೆನೆಸ್ಕೋತೀನಿ ಇನ್ಮೇಲೆ" ಎಂದರು.

ಆಮೇಲೆ ಕೇಳಿದರು: "ಕೂಗು ಯಾವ ಕಡೆಯಿಂದ ಬಂತು ನಿಮಗೆ?"

"ರೂಮಿನ ಒಳಗಿಂದ, ಅಮ್ಮಾ."

"ನನಗೂ ಅಷ್ಟೆ."

ಇಬ್ಬರೂ ಕೋಣೆಯ ಕಡೆ ನೋಡಿದೆವು. ಮಂಚವನ್ನು ತೆಗೆಸಿ ಅಲ್ಲಿ ಮೊಮ್ಮಗಳ ಓದುವ ಮೇಜು ಹಾಕಿದ್ದರು. ಕಿಟಕಿ ತೆರೆದಿತ್ತು. "ಕೂತ್ಕೊಳ್ಳಿ, ಕಾಫಿ ಮಾಡ್ತೀನಿ" ಎಂದು ಆಕೆ ಎದ್ದರು. ನಾನು ಕೂತೆ.