ನಮ್ಮ ಬಚ್ಚಲು ಕುಸಿದದ್ದು ಯಾಕೆ?

ಕಳೆದ ಸೋಮವಾರ ನಮ್ಮ ಅಕ್ಕ ಜಳಕಕ್ಕೆಂದು ಬಚ್ಚಲಿಗೆ ಇಳಿದಳು. ಅವಳ ಎಡಗಾಲು ಇನ್ನೂ ಕೆಳಗೆ ಇಳಿಯಿತು!

ಫರಸಿ ಕಲ್ಲು ಕುಸಿದಿತ್ತು. ಗೋಡೆಯ ಗೂಟ ಕೈಗೆ ಸಿಕ್ಕಿತು, ಉಳಿದುಕೊಂಡಳು. ತುಂಬು ಬಸುರಿ. ಚೊಚ್ಚಲ ಹೆರಿಗೆಗೆಂದು ಖಜೂರಿಯಿಂದ ಆಳಂದದ ತವರಿಗೆ ಬಂದವಳು. ಬಿದ್ದಿದ್ದರೆ? ನಾಳೆ ಆಯಿ, ಅಂದರೆ ಅಪ್ಪನ ತಾಯಿ, ಕೂಸನ್ನು ಕಾಲ ಮೇಲೆ ಹಾಕಿಕೊಂಡು ನೀರೆರೆಯಬೇಕಾದದ್ದೂ ಅದೇ ಬಚ್ಚಲಲ್ಲಿ.

ಗೌಂಡಿ ಇಮಾಮಣ್ಣ ಬಂದ. ಸಲಾಕೆಯಿಂದ ಬಡಿದು ನೋಡಿದ. ಒಂದೊಂದು ಕಲ್ಲೂ ಡೊಳ್ಳಿನಂತೆ ಮಾತಾಡಿತು.

"ಮ್ಯಾಲಿನ ಕಲ್ಲು ಬದಲಿ ಮಾಡಿದ್ರ ಆಗಂಗಿಲ್ರಿ ಸಾವ್ಕಾರ್ರ. ಬುಡದ ಮಣ್ಣೆಲ್ಲಾ ತಗದು, ಖಡಿ ಕಲ್ಲು ತುಂಬಿ ಬಡದು, ಗಚ್ಚು ಹಾಕಬೇಕು."

"ಎಲ್ಲಾ ತಗೀರಿ," ಎಂದರು ಅಪ್ಪ. "ಮೋರಿ ಕಡಿ ಮೂಲಿ ಒಂದ್ ಬಿಡ್ರಿ."

"ಹಂಡೆದ ಕಡಿನೂ ಬ್ಯಾಡಪಾ, ಗಟ್ಟಿ ಅದ," ಎಂದಳು ಆಯಿ.

ನಾನೇಕೆ ಸುಮ್ಮನಿರಲಿ? "ಇಮಾಮಣ್ಣ, ಬಾಗಿಲ ಮಗ್ಗುಲ ಕಲ್ಲು ಭಾಳ ಚಲೋ ಅದ. ಮುಟ್ಟಬ್ಯಾಡ."

"ಮತ್ತ ನಾ ಎಲ್ಲಿ ಅಗೀಲ್ರಿ? ಹಂಡೆದೊಳಗ?"

ಅಕ್ಕ ಸೊಂಟದ ಮೇಲೆ ಕೈಯಿಟ್ಟಳು. "ಮೂರೂ ಮಂದಿ ಹುಗದೀರಿ, ಹೌದಿಲ್ಲೋ?"

ನಾನು ಊರಿನವರೆಲ್ಲರ ದನಿ ತೆಗೆಯುವವನು. ಅಪ್ಪನ ಕೆಮ್ಮನ್ನು ಅಪ್ಪನಿಗಿಂತ ಚೆನ್ನಾಗಿ ಕೆಮ್ಮುತ್ತೇನೆ. ಆದರೆ ಆ ಹೊತ್ತಿನಲ್ಲಿ ಮೂವರ ಮುಖವೂ ಒಂದೇ ಆಗಿತ್ತು. ಯಾರನ್ನು ಅಣಕಿಸಲಿ?

ನಿಮಗೆ ಗೊತ್ತಿಲ್ಲದ ವಿಷಯವೇ? ರಜಾಕಾರರ ಹಾವಳಿಯ ದಿನಗಳಲ್ಲಿ ಲೂಟಿಯ ಭಯಕ್ಕೆ ನೆಲ ಅಗೆಯದವರು ಯಾರು? ಬಚ್ಚಲಲ್ಲಾದರೆ ನೆಲ ಸದಾ ಹಸಿ, ಹೊಸದಾಗಿ ಅಗೆದದ್ದು ಕಾಣುವುದಿಲ್ಲ. ಈ ಘನ ಐಡಿಯಾ ಮೂವರಿಗೂ ಬೇರೆ ಬೇರೆಯಾಗಿ ಹೊಳೆದಿತ್ತು. ಒಬ್ಬರು ಇನ್ನೊಬ್ಬರಿಗೆ ಬಾಯಿ ಬಿಟ್ಟಿರಲಿಲ್ಲ. (ನನಗಂತೂ ಯಾರು ಹೇಳುತ್ತಾರೆ? ಹೇಳಿದವರ ದನಿಯಲ್ಲೇ ಚಾವಡಿಯಲ್ಲಿ ಒಪ್ಪಿಸಿಬಿಡುವ ಗಿರಾಕಿ ನಾನು.) ಕಲ್ಲು ಎಬ್ಬಿಸಿದೆವು, ಹುಗಿದೆವು, ಸಡಿಲ ಮಣ್ಣು ಎಳೆದೆವು. ಸದ್ದಾದೀತೆಂದು ಯಾರೂ ಬಡಿಯಲಿಲ್ಲ. ನೀರು ಇಳಿಯದೆ ಬಿಟ್ಟೀತೇ?

ಮಿಲಿಟರಿ ಟ್ರಕ್ಕುಗಳು ಬಂದವು, ಹಾವಳಿ ನಿಂತಿತು. ಆದರೂ ಹುಗಿದದ್ದನ್ನು ನಾವು ಎತ್ತಿರಲಿಲ್ಲ.

"ಇನ್ನಾ ಸ್ವಲ್ಪ ದಿನ ನೋಡೂಣು," ಎಂದಳು ಆಯಿ.

"ನೋಡ್ಕೋತ ಕೂಡು. ನಿನ್ನ ಮರಿಮಗ ಕುಣ್ಯಾಗ ಜಳಕ ಮಾಡ್ಲಿ," ಎಂದಳು ಅಕ್ಕ.

ಆಯಿ ಸೆರಗು ಸಿಕ್ಕಿಸಿದಳು. "ಇಮಾಮ, ಹಂಡೆದ ಕಡಿ ಮೊದಲ ಅಗಿ."

ಆಯಿಯ ಬೆಳ್ಳಿ ಡಾಬು ಬಂತು, ಇದ್ದಿಲಿನಂತೆ ಕಪ್ಪಾಗಿ. ಅಪ್ಪನ ಜೇಬುಗಡಿಯಾರ ಬಂತು, ಹೊಟ್ಟೆ ತುಂಬ ನೀರು ಕುಡಿದು. ಕೊನೆಗೆ ನನ್ನ ಬಿಸ್ಕೀಟ್ ಡಬ್ಬಿ. ಎಲ್ಲರೂ ಬಗ್ಗಿದರು. ಒಳಗಿದ್ದದ್ದು ನಾನು ನಾಟಕಕ್ಕೆ ಅಂಟಿಸಿಕೊಳ್ಳುವ ಮೀಸೆ.

"ಇದನ್ನ ಲೂಟಿ ಮಾಡಾಕ ಯಾರ್ ಬರ್ತಿದ್ರಲೇ?" ಎಂದರು ಅಪ್ಪ. ಬೀದಿ ಬಾಗಿಲು ತೆರೆದಿಟ್ಟುಕೊಂಡೇ ಎಲ್ಲರೂ ನಕ್ಕೆವು. ಹಾಗೆ ನಕ್ಕು ಎಷ್ಟು ದಿನವಾಗಿತ್ತು!

ಕೊಳೆತ ಮಣ್ಣೆಲ್ಲ ಹೊರಗೆ ಹೋಯಿತು. ಖಡಿ ಬಿತ್ತು. ನೆಲ ಬಡಿಯುವ ಧುಮ್ಮಸವನ್ನು ನಾನೇ ಎತ್ತಿ ಎತ್ತಿ ಹಾಕಿದೆ. ಧಡ್! ಧಡ್! ಸದ್ದು ಮೂರು ಓಣಿಗೆ ಕೇಳಿತು. ಶ್ ಎನ್ನುವವರೇ ಇಲ್ಲ. ಗಚ್ಚು ಗಟ್ಟಿಯಾದ ಮೇಲೆ ಅಕ್ಕ ಹೊಸ ಕಲ್ಲುಗಳ ಮೇಲೆ ಎರಡೂ ಕಾಲೂರಿ ನಿಂತಳು. ಕಲ್ಲು ಮಾತಾಡಲಿಲ್ಲ. ಆಯಿ ಉಸಿರು ಬಿಟ್ಟಳು.

ಇಮಾಮಣ್ಣ ಸಾಮಾನು ಕಟ್ಟುತ್ತಿದ್ದ. ಅವನದೇ ದನಿ ತೆಗೆದು ಕೇಳಿದೆ: "ನಿಮ್ಮ ಮನೀ ಬುಡದ ಮಣ್ಣು ಯಾವಾಗ ತಗೀತೀರಿ ಸಾವ್ಕಾರ್ರ?"

ನಕ್ಕ. ಆಮೇಲೆ ದನಿ ತಗ್ಗಿಸಿದ. "ನಾವು ಈಗ ಹುಗದೇವಿ ತಮ್ಮಾ. ಟ್ರಕ್ ಬಂದ ಮ್ಯಾಲ. ನಿಮ್ಮ ಅಂಜಿಕಿ ಮುಗೀತು, ನಮ್ಮದು ಸುರು ಆಗ್ಯದ. ಹಾವಳಿ ಮಾಡಿದವ್ರು ಯಾರೋ, ಸೇಡು ನಮ್ಮ ಮಂದಿ ಮ್ಯಾಲ."

ಅವನ ಸಲಾಕೆಯನ್ನು ನಾನೇ ಎತ್ತಿಕೊಂಡು ಓಣಿಯ ತುದಿಯವರೆಗೆ ಜೊತೆಗೆ ನಡೆದೆ.

ನಮ್ಮ ನೆಲವೇನೋ ಗಟ್ಟಿಯಾಯಿತು. ಗಟ್ಟಿ ಮಾಡಿಕೊಟ್ಟವನ ಮನೆಯಲ್ಲಿ ಧುಮ್ಮಸದ ಸದ್ದು ಕೇಳುವುದು ಯಾವಾಗ?