ಮಡಿಕೋಲಾದ ಕ್ಯೂ

ನಂಜನಗೂಡಿನ ನಮ್ಮ ಮನೆಯಲ್ಲಿ ಮಡಿಬಟ್ಟೆಯನ್ನು ಎತ್ತರದ ಗಳದ ಮೇಲೆ ಒಣಹಾಕಲು, ಮತ್ತೆ ಇಳಿಸಲು ಅಮ್ಮ ಬಳಸುತ್ತಿದ್ದದ್ದು ಬಿಲಿಯರ್ಡ್ಸ್ ಆಡುವ ಕೋಲು, ಕ್ಯೂ. ನಗಬೇಡಿ. ನಮಗದು ನಗುವ ವಿಷಯವಾಗಿರಲಿಲ್ಲ.

ಅಪ್ಪ ಮೈಸೂರಿನ ಒಂದು ಕ್ಲಬ್ಬಿನಲ್ಲಿ ಗುಮಾಸ್ತರಾಗಿದ್ದರು. ಬಹಳ ಕಾಲ ದಿನಾ ತಡವಾಗಿ ಮನೆಗೆ ಬರುತ್ತಿದ್ದವರು ಒಂದು ದಿನ ಈ ಕೋಲು ಹಿಡಿದು ಬಂದರು. ಬಾಗಿಲಲ್ಲಿ ತಲೆ ಬಗ್ಗಿಸಿಯೇ ಬರಬೇಕಾದಷ್ಟು ಎತ್ತರದ ಸದಸ್ಯರೊಬ್ಬರಿಗೆ ಕಣ್ಣು ಮಂಜಾಗಿದೆ, ಅವರನ್ನು ಸಂಜೆ ಮನೆ ಮುಟ್ಟಿಸಿ ಬರುತ್ತಿದ್ದೆ, ಅವರೇ ಪ್ರೀತಿಯಿಂದ ಕೊಟ್ಟರು ಎಂದರು. ಅಮ್ಮ ನಂಬಲಿಲ್ಲ. ಆಟದ ಚಟ ಹತ್ತಿದೆ, ತಮಗೇ ಕೊಂಡುಕೊಂಡು ಕಥೆ ಕಟ್ಟುತ್ತಿದ್ದಾರೆ ಎಂದು ತೀರ್ಮಾನಿಸಿದಳು. ಕೋಲನ್ನು ಉಜ್ಜಿ ತೊಳೆದು ಮಡಿಕೋಲು ಮಾಡಿಬಿಟ್ಟಳು. ಸ್ನಾನವಿಲ್ಲದೆ ಯಾರೂ ಮುಟ್ಟುವಂತಿಲ್ಲ. ಅಪ್ಪ ಮತ್ತೆ ಅದನ್ನು ಮುಟ್ಟಲೇ ಇಲ್ಲ. ಅಮ್ಮ ಬಡಿಸುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಅವರ ಮಾತನ್ನು ನಂಬುವುದನ್ನು ಮಾತ್ರ ಬಿಟ್ಟಳು.

ಅಪ್ಪ ತೀರಿಹೋದ ಮೇಲೆ, ಯಾರೋ ಹಳೆಯ ಕ್ಯೂಗಳನ್ನು ಮಾರುತ್ತಿದ್ದದ್ದನ್ನು ಫೋನಿನಲ್ಲಿ ನೋಡಿದವಳು ಸುಮ್ಮನಿರದೆ ಅಮ್ಮನಿಗೆ ತೋರಿಸಿದೆ. ಒಳ್ಳೆ ಬೆಲೆ ಬಂದೀತೆಂಬ ಆಸೆ ನನಗೆ. ಅವಳಿಗೆ ಬೆಲೆ ಬೇಕಿರಲಿಲ್ಲ.

"ತಿಳಿದೋರಿಗೆ ತೋರ್ಸೇ. ನಿಮ್ಮಪ್ಪ ಹೇಳಿದ್ದು ನಿಜವೋ ಸುಳ್ಳೋ, ನಾನು ಸಾಯೋದ್ರೊಳಗೆ ಗೊತ್ತಾಗ್ಲಿ."

ಇಂಥ ಕ್ಯೂಗಳನ್ನು ಕೂಡಿಡುವ ನಿವೃತ್ತ ಪಶುವೈದ್ಯರೊಬ್ಬರು ತಿ. ನರಸೀಪುರದಲ್ಲಿದ್ದಾರೆಂದು ತಿಳಿಯಿತು. ಕೋಲನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ.

"ಒಳಕ್ ಎಳ್ಕೊಳಿ ಅಕ್ಕ, ಯಾರ್ ಕಣ್ಗಾರ ಚುಚ್ಚೀತು," ಎಂದು ಕಂಡಕ್ಟರ್ ಗದರಿದ.

ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಾ ಕೂತೆ. ಸುಳ್ಳೆಂದಾದರೆ ಅಪ್ಪ ಸುಳ್ಳುಗಾರ. ನಿಜವೆಂದಾದರೆ ಅಮ್ಮನ ಗತಿಯೇನು? ಹೊರಡುವ ಮೊದಲೇ ಇದನ್ನು ಯೋಚಿಸಬೇಕಿತ್ತು. ನನ್ನ ಬುದ್ಧಿ ಓಡುವುದು ಯಾವಾಗಲೂ ಬಸ್ಸು ಹತ್ತಿದ ಮೇಲೆಯೇ.

ಡಾಕ್ಟರು ಕೋಲನ್ನು ಮೇಜಿನ ಮೇಲೆ ಉರುಳಿಸಿದರು. ಅದು ಟಕಟಕ ಕುಣಿಯಿತು. ನೀರು ಕುಡಿದು ಸೊಟ್ಟಗಾಗಿದೆ, ಬೆಲೆ ಅರ್ಧಕ್ಕರ್ಧ ಹೋಯಿತು ಎಂದರು. ಕಪ್ಪು ಹಿಡಿ ಬಿಳಿ ಮರಕ್ಕೆ ಸೇರುವಲ್ಲಿ ಕೂರಿಸಿದ ನಾಲ್ಕು ಚೂಪು ಮೊನೆಗಳಿದ್ದವು; ಒಂದರಷ್ಟು ಎತ್ತರ ಇನ್ನೊಂದಿಲ್ಲ, ಆದ್ದರಿಂದ ಮೆಷಿನ್ನಿನದಲ್ಲ, ಹಳೇ ಕೈಕೆಲಸ ಎಂದು ತೋರಿಸಿದರು. ಆಮೇಲೆ ಹಿಡಿಯ ಬುಡದ ಮೇಲೆ ಬೆರಳಿಟ್ಟರು. ಅಲ್ಲಿ ಬೇರೆ ಮರದ ತುಂಡೊಂದನ್ನು ಕೂಡಿಸಿದ್ದರು.

"ಯಾರೋ ಭಾರಿ ಆಳು ತನ್ನ ಎತ್ತರಕ್ಕೆ ಉದ್ದ ಮಾಡಿಸ್ಕೊಂಡವ್ರೆ ಕಣಮ್ಮ. ನಿಮ್ ತಂದೆ ಅಷ್ಟು ಉದ್ದ ಇದ್ರಾ?"

ಅಪ್ಪ ಅಮ್ಮನ ಕಿವಿಯೆತ್ತರಕ್ಕೆ ಬರುತ್ತಿದ್ದರು.

"ಹಂಗಾದ್ರೆ ತಮ್ಗೆ ಅಂತ ಇದನ್ನ ಕೊಂಡಿರಲ್ಲ ಬುಡಿ. ಅವ್ರಿಗೆ ಇದ್ರಲ್ಲಿ ಆಡಕ್ಕೇ ಆಗ್ತಿರ್ನಿಲ್ಲ."

ವಾಪಸು ಬರುವಾಗ ಅಮ್ಮನಿಗೆ ಬೇರೇನಾದರೂ ಹೇಳಿಬಿಡಲೇ ಎನ್ನಿಸಿತು. ಆಗಲಿಲ್ಲ. ಇದ್ದದ್ದು ಇದ್ದಂತೆ ಹೇಳಿದೆ. ಅಮ್ಮ "ಹೂಂ" ಎಂದು ಊಟಕ್ಕೆ ಎಲೆ ಹಾಕಿದಳು. ಇಷ್ಟೇ ತಾನೇ ಎಂದು ನನಗೆ ಹೋದ ಜೀವ ಬಂದಂತಾಯಿತು.

ಬೆಳಗ್ಗೆ ನಾನು ಎದ್ದು ಬಂದಾಗ ಅವಳು ಸ್ನಾನ ಮುಗಿಸಿ, ಒದ್ದೆ ಸೀರೆಯಲ್ಲೇ ಗಳದ ಕೆಳಗೆ ನಡುಗುತ್ತಾ ನಿಂತಿದ್ದಳು. ಮಡಿಸೀರೆ ಮೇಲೆಯೇ ಇತ್ತು. ಕೋಲು ಅವಳ ಪಕ್ಕದ ಗೋಡೆಗೆ ಒರಗಿತ್ತು.

"ಯಾಕಮ್ಮ, ಇಳಿಸ್ಕೋಬಾರ್ದೇ?"

"ನನ್ನ ಕೈಲಿ ಅದನ್ನ ಮುಟ್ಟಕ್ಕಾಗ್ತಿಲ್ಲ ಕಣೇ. ನೀನೇ ತೆಗೆದ್ಕೊಡು," ಎಂದಳು.

ನಾನಿನ್ನೂ ಮುಖ ಕೂಡ ತೊಳೆದಿರಲಿಲ್ಲ.