ಎಡಕ್ಕೆ ಬಿದ್ದ ಹೂವು

ಹನುಮಪ್ಪನ ಅಪ್ಪಣೆ ಇಲ್ಲದೆ ನಮ್ಮ ಅವ್ವ ಒಂದು ಎಮ್ಮೆಯನ್ನೂ ಕೊಂಡವಳಲ್ಲ. ಸಿಂದಗಿಯಿಂದ ದೇವರ ಹಿಪ್ಪರಗಿಗೆ ಹೋಗುವ ದಾರಿಯಲ್ಲಿ, ಬಸ್ಸು ನಿಂತರೆ ನಿಂತಿತು, ಇಲ್ಲವಾದರೆ ಇಲ್ಲ ಎನ್ನುವಂಥ ಊರು ನಮ್ಮದು. ಊರ ನಡುವೆ ಹನುಮಪ್ಪನ ಗುಡಿ. ಅಲ್ಲಿ ಹೂ ಕೇಳುವ ರೂಢಿ ಉಂಟು. ಪೂಜಾರಿ ಹೂಗಳನ್ನು ನೀರಲ್ಲಿ ಅದ್ದಿ ದೇವರ ಎರಡೂ ಭುಜಕ್ಕೆ ಅಂಟಿಸುತ್ತಾನೆ. ಕೇಳುವವರು ತಮ್ಮ ಮಾತು ಹೇಳಿ ಕೈಮುಗಿದು ಕೂರುತ್ತಾರೆ. ಬಲಗಡೆಯ ಹೂ ಮೊದಲು ಬಿದ್ದರೆ ದೇವರು ಹೂಂ ಅಂದ, ಎಡಗಡೆಯದು ಬಿದ್ದರೆ ಬೇಡ ಅಂದ. ಯಾವ ಕಡೆ ಬಿದ್ದರೂ ಬಿದ್ದ ಹೂವು ಪ್ರಸಾದವೇ. ಅದನ್ನು ಬಿಸಾಡುವಂತಿಲ್ಲ, ಮುಡಿಯಬೇಕು.

ನಾವು ಸಣ್ಣವರಿದ್ದಾಗಲೇ ಅಪ್ಪ ತೀರಿಕೊಂಡ. ಅಣ್ಣನನ್ನೂ ನನ್ನನ್ನೂ ಅವ್ವ ಒಬ್ಬಳೇ ಸಾಕಿದಳು, ಹೂ ಕೇಳುತ್ತ ಸಾಕಿದಳು. ಬಸವನ ಬಾಗೇವಾಡಿಯಲ್ಲಿ ನನಗೆ ಶಾಲೆಯ ನೌಕರಿ ಸಿಕ್ಕಾಗ ಅದನ್ನೂ ಕೇಳಿದ್ದಳು. ಪುಣ್ಯಕ್ಕೆ ಬಲಕ್ಕೆ ಬಿತ್ತು.

"ಹನುಮಪ್ಪಗ ಬ್ಯಾರೆ ಕೆಲಸ ಇಲ್ಲೇನವ್ವ? ನಮ್ಮ ಎಮ್ಮಿ ಕಾಯಾಕ ಕುಂತಾನೇನು?" ಎಂದು ನಾನು ಛೇಡಿಸುತ್ತಿದ್ದೆ.

"ಸುಮ್ಕಿರ, ಬಾಯಿಬಡಕಿ. ಸಾಲಿ ಕಲಿತರ ಬಾಯಿ ಉದ್ದ ಆಗ್ತೈತೇನು?" ಎನ್ನುತ್ತಿದ್ದಳು.

ಒಂದು ದಿನ ತರಗತಿಯಲ್ಲಿ ಒಬ್ಬ ಹುಡುಗಿ ಎದ್ದು, "ದೇವರು ಇಲ್ಲಂದ್ರ ಕಳುವು ಮಾಡಿದ್ರ ನಡೀತೈತೇನ್ರಿ ಟೀಚರ್?" ಎಂದು ಕೇಳಿದಳು. ಪಾಠದ ಕಡೆ ನೋಡು ಎಂದು ಕೂರಿಸಿದೆ. ಆದರೆ ಪ್ರಶ್ನೆ ನನ್ನ ಜೊತೆ ಬಸ್ಸು ಹತ್ತಿ ಮನೆಗೆ ಬಂತು. ನಮ್ಮ ಅವ್ವನಂಥವರು ಒಳ್ಳೆಯವರಾಗಿರುವುದು ಮೇಲೊಬ್ಬ ನೋಡುತ್ತಿದ್ದಾನೆ ಎಂಬ ಹೆದರಿಕೆಯಿಂದಲೇ ಎಂದು ನಾನು ನಂಬಿದ್ದೆ. ಮೂಗುದಾರ ಬಿಚ್ಚಿದರೆ ಎತ್ತು ಯಾರ ಹೊಲಕ್ಕೆ ನುಗ್ಗುತ್ತದೋ ಯಾರಿಗೆ ಗೊತ್ತು!

ಹೋದ ವರ್ಷದ ಹಿಂದಿನ ವರ್ಷ ನಮ್ಮ ಅಣ್ಣ ಮೋಟರ್ ಸೈಕಲ್ಲಿನಿಂದ ಬಿದ್ದು ಹೋಗಿಬಿಟ್ಟ. ಅವನ ಹೆಂಡತಿ, ನಮ್ಮ ವೈನಿ, ಇನ್ನೂ ಎಳೆಯ ಪ್ರಾಯದವಳು. ಗೋಡೆ ಹಿಡಿದು ನಡೆಯಲು ಕಲಿಯುತ್ತಿದ್ದ ಒಂದು ಹೆಣ್ಣು ಕೂಸು. ಆ ಕೂಸು ಅವ್ವನ ಸೆರಗು ಬಿಟ್ಟು ಇರುತ್ತಿರಲಿಲ್ಲ. ಅದೊಂದರ ಮುಖ ನೋಡಿ ಅವ್ವ ಊಟ ಮಾಡುತ್ತಿದ್ದಳು, ಅಷ್ಟೇ.

ಹೀಗಿರುವಾಗ ಇಂಡಿ ಕಡೆಯಿಂದ ಒಬ್ಬ ಬಂದ. ಲಿಂಬೆ ತೋಟದವನು, ಹೆಂಡತಿಯನ್ನು ಕಳೆದುಕೊಂಡವನು. ವೈನಿಯನ್ನು ಮದುವೆಯಾಗುತ್ತೇನೆ, ಕೂಸನ್ನೂ ಕಳಿಸಿಕೊಡಿ, ನನ್ನ ಮಗಳಂತೆ ನೋಡಿಕೊಳ್ಳುತ್ತೇನೆ ಎಂದು ತಲೆ ತಗ್ಗಿಸಿ ಕೇಳಿದ. ಅವನು ಹೋದ ಮೇಲೆ ವೈನಿ ಅಡುಗೆಮನೆಯಲ್ಲಿ ನನ್ನ ಕೈಹಿಡಿದು ಅತ್ತಳು.

"ನನಗ ಹೋಗಬೇಕ ಅನಸ್ತೈತಿ. ಆದ್ರ ಅತ್ತಿ ಮಾರಿ ನೋಡಿದ್ರ ಬಾಯಿ ಬರೂದಿಲ್ಲ."

ನಾನು ಅವ್ವನಿಗೆ ಹೇಳಿದೆ. ಅವ್ವ ಕೂಸಿನ ತಲೆ ಸವರಿದಳು. ಆಮೇಲೆ "ಹೋಗ್ಲಿ" ಎಂದಳು.

ಶನಿವಾರಗಳು ಕಳೆದವು. ಅವ್ವ ಗುಡಿಗೆ ಹೋಗುತ್ತಾಳೆ, ಎಣ್ಣೆ ಹಾಕುತ್ತಾಳೆ, ಬರುತ್ತಾಳೆ. ಹೂ ಕೇಳುವುದಿಲ್ಲ. ನನಗೇ ತಡೆಯಲಾಗಲಿಲ್ಲ.

"ಎಮ್ಮಿಗೆ ಕೇಳ್ತಿ, ಇದಕ್ಯಾಕ ಕೇಳವಲ್ಲಿ?"

ಅವ್ವ ಮೊರದಲ್ಲಿ ತೊಗರಿ ಬೇಳೆ ಹಸನು ಮಾಡುತ್ತಿದ್ದಳು. "ಕೇಳಬೇಕಂದ್ರ ಎರಡಕ್ಕೂ ತಯಾರ ಇರಬೇಕು. ಅವ ಬ್ಯಾಡ ಅಂದ್ರ ನಾ ಒಪ್ಪೂದಿಲ್ಲ. ಒಪ್ಪದಾಕಿ ಕೇಳಬಾರ್ದು" ಎಂದಳು.

ಅವ್ವ ಕೇಳಲಿಲ್ಲವೆಂದು ಊರು ಸುಮ್ಮನಿದ್ದೀತೇ? ಹೂ ಕೇಳದೆ ಸೊಸೆಯನ್ನು ಕಳಿಸುತ್ತಾಳಂತೆ ಎಂಬ ಮಾತು ಮುದ್ದೇಬಿಹಾಳದಲ್ಲಿದ್ದ ಮಾಮಾನ ಕಿವಿಗೂ ಬಿತ್ತು. ಮಾಮಾ ಅವ್ವನ ತಮ್ಮ, ಬಂಗಾರದಂಥ ಮನುಷ್ಯ, ಈ ಮದುವೆ ಆಗಲೇಬೇಕು ಎನ್ನುವವನು. ಬಲಕ್ಕೆ ಹೂ ಬಿದ್ದರೆ ಊರ ಬಾಯಿಗೆ ಬೀಗ ಬೀಳುತ್ತದೆ ಎಂದು ಅವನ ಲೆಕ್ಕ. ಒಂದು ಶನಿವಾರ ಬಂದವನೇ, ಕಾಯಿ ಒಡೆಸೋಣ ಬನ್ನಿ ಎಂದು ನಮ್ಮನ್ನೆಲ್ಲ ಗುಡಿಗೆ ಕರೆದುಕೊಂಡು ಹೋದ. ನಾವು ಕಾಲು ತೊಳೆದು ಒಳಗೆ ಬರುವುದರೊಳಗೆ ಪೂಜಾರಿಯ ಕೈಯಿಂದ ಹೂ ಹಚ್ಚಿಸಿಬಿಟ್ಟಿದ್ದ.

"ಒಳ್ಳೆ ಕೆಲಸಕ್ಕ ಹನುಮಪ್ಪ ಬ್ಯಾಡ ಅಂತಾನೇನಕ್ಕಾ? ಕುಂಡ್ರು" ಎಂದ.

ಗುಡಿ ತುಂಬ ಜನ. ಹಳದಿ ಸೇವಂತಿಗೆ ಎರಡು, ಸಿಂಧೂರದ ಮೇಲೆ. ಹೂವನ್ನು ನಂಬದ ನಾನೂ ಉಸಿರು ಹಿಡಿದು ಬಲಗಡೆಯದನ್ನೇ ನೋಡುತ್ತಿದ್ದೆ.

ಎಡಗಡೆಯದು ಬಿತ್ತು.

ಹಿಂದಿನಿಂದ ಯಾರೋ, "ಹನುಮಪ್ಪ ಬ್ಯಾಡ ಅಂದ ನೋಡ್ರಿ" ಎಂದರು. ಮಾಮಾನ ಮುಖದಲ್ಲಿ ರಕ್ತವೇ ಇರಲಿಲ್ಲ. ವೈನಿ ಕೂಸನ್ನು ಎದೆಗೆ ಒತ್ತಿಕೊಂಡು ನೆಲ ನೋಡುತ್ತ ಕೂತಳು.

ಅವ್ವ ಎದ್ದಳು. ಪೂಜಾರಿಯ ಮುಂದೆ ಕೈಯೊಡ್ಡಿ ಆ ಹೂವನ್ನು ಇಸಿದುಕೊಂಡಳು.

"ಅಕ್ಕಾ, ದೇವರು ಬ್ಯಾಡ ಅಂದ್ನಲ್ಲ" ಎಂದ ಮಾಮಾ, ಅಳುದನಿಯಲ್ಲಿ.

"ಕೇಳಿದಾಂವ ನೀ. ನಿನಗ ಹೇಳ್ಯಾನ."

ಯಾರೋ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡರು. ಅವ್ವ ನೇರ ವೈನಿಯ ಹತ್ತಿರ ಹೋಗಿ, ಅಣ್ಣ ಸತ್ತಂದಿನಿಂದ ಹೂ ಕಾಣದ ಆ ಹೆರಳಿಗೆ ಸೇವಂತಿಗೆ ಮುಡಿಸಿದಳು. ಆಮೇಲೆ ದೇವರ ಕಡೆ ತಿರುಗಿ ಎರಡೂ ಕೈಯಲ್ಲಿ ಸೆರಗು ಹಿಡಿದು ಉಡಿಯೊಡ್ಡಿದಳು.

"ಯಪ್ಪಾ, ಇದು ತಪ್ಪಾಗಿದ್ರ ನನ್ನ ಉಡಿಗೆ ಹಾಕು. ಆಕಿ ಉಡ್ಯಾಗ ಒಂದ ಕಾಳೂ ಬೀಳಬಾರ್ದು."

ದೇವರಿಲ್ಲ ಎನ್ನುವವರು ದೇವರ ಮಾತು ಮೀರುವುದರಲ್ಲಿ ಏನು ದೊಡ್ಡಸ್ತಿಕೆ? ಅವ್ವನಿಗೆ ಅವನಿದ್ದ, ಪಕ್ಕದ ಮನೆಯವರಿಗಿಂತ ಹತ್ತಿರ ಇದ್ದ, ಕೇಳಿಸಿಕೊಳ್ಳುತ್ತಿದ್ದ. ಅಂಥವನ ಮುಖ ನೋಡಿ ಆಗುವುದಿಲ್ಲ ಎಂದಳು, ಬರುವ ಶಿಕ್ಷೆಗೆ ತಾನೇ ಸೆರಗು ಹಾಸಿದಳು. ಅಷ್ಟು ವರ್ಷ ಒಂದೇ ಮನೆಯಲ್ಲಿ ಉಂಡು ಬೆಳೆದರೂ ನಾನು ಈ ಹೆಂಗಸನ್ನು ನೋಡಿಯೇ ಇರಲಿಲ್ಲ ಅನ್ನಿಸಿತು.

ಮನೆಗೆ ಬರುವಾಗ ಕೇಳಿದೆ. "ಹೆದರಿಕಿ ಆಗಲಿಲ್ಲೇನವ್ವ?"

"ಆತು. ಈಗೂ ಕಾಲ ನಡಗಾಕತ್ತಾವ, ಕೈ ಹಿಡಿ."

"ಮತ್ತ?"

"ಹೆದರಿಕಿ ಬ್ಯಾರೆ, ತಪ್ಪು ಬ್ಯಾರೆ."

ಇಂಡಿಯಲ್ಲಿ ಮದುವೆ ಆಯಿತು. ಕೂಸು ಈಗ ವಿಡಿಯೊ ಕಾಲಿನಲ್ಲಿ ಲಿಂಬೆಹಣ್ಣು ಹಿಡಿದು ತೋರಿಸುತ್ತದೆ. ಅವ್ವ ಫೋನಿನ ಗಾಜು ಸವರುತ್ತಾಳೆ.

ಆ ಮುಂಗಾರಿಗೆ ಅವ್ವ ಮತ್ತೆ ಹೂ ಕೇಳಿದಳು, ಕೆಳಗಿನ ಹೊಲಕ್ಕೆ ತೊಗರಿ ಬಿತ್ತಲೇ ಎಂದು. ಎಡಕ್ಕೆ ಬಿತ್ತು. ಊರೆಲ್ಲ ಬಿತ್ತುತ್ತಿರುವಾಗ ಅವ್ವ ಒಂದು ಮಾತಾಡದೆ ಆ ಹೊಲವನ್ನು ಹಿಂಗಾರಿ ಜೋಳಕ್ಕೆಂದು ಹಾಗೇ ಬಿಟ್ಟಳು. ನನಗೆ ನಗು ಬಂತು.

"ಅವತ್ತ ಕೇಳದಾಕಿ ಇವತ್ತ ಯಾಕ ಕೇಳಿದಿ?"

"ಹೊಲದ ಮಾತ ಬ್ಯಾರೆ. ಕೆಟ್ರ ಒಂದ ಬೆಳಿ ಕೆಡತೈತಿ" ಎಂದವಳು ಬದುವಿನ ಕಡೆ ನೋಡಿದಳು. "ನಿಮ್ಮಪ್ಪ ಹೋದ ಮ್ಯಾಲ ನನ್ನ ಕೇಳ್ಕೊಂಡೂ ಒಬ್ಬಾಂವ ಬಂದಿದ್ದ. ನಮ್ಮಪ್ಪ ಹೂ ಕೇಳಿದ. ಎಡಕ್ಕ ಬಿತ್ತು. ದೇವರು ಬ್ಯಾಡ ಅಂದದ್ದಕ್ಕ ನಾ ಹೂಂ ಅಂದ್ನಿ."

ನನ್ನ ನಗು ಅಲ್ಲಿಯೇ ನಿಂತಿತು. "ಆ ಹೂವು ಏನ ಮಾಡಿದಿ?" ಎಂದೆ.

"ಕೈಯಾಗ ಹಿಡಕೊಂಡ ಕುಂತಿದ್ನಿ" ಎಂದಳು ಅವ್ವ. "ಮುಡಸಾಕ ಯಾರೂ ಏಳಲಿಲ್ಲ."